ಹೋಲಿಕೆಗೆ ಬೇಕಾಗಿದ್ದ ಹೃದಯ

ಮೊನ್ನೆ ಬ್ಯಾಂಕಿನ ಸಭೆಯೊಂದಕ್ಕೆ ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋಗಿದ್ದೆ. ಪಟ್ಟಂ ಬಡಾವಣೆಯ ಕಚೇರಿಯಲ್ಲಿ ಊಟದ ಬಿಡುವಿಗೆ ಹೊರಗೆ ಬಂದರೆ ಮಳೆ ಜಡಿಯುತ್ತಿತ್ತು. ವರಾಂಡದ ತುಂಬ ಬಿಚ್ಚಿಟ್ಟ ಒದ್ದೆ ಕೊಡೆಗಳು. ಅವುಗಳ ನಡುವೆ ಜಾಗ ಮಾಡಿಕೊಂಡು ಒಬ್ಬ ಹೆಂಗಸು ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಳು. ಆ ಎರಡು ವಾಸನೆ ಕೂಡಿ ಮೂಗಿಗೆ ಬಂದದ್ದೇ ತಡ, ನಾನು ಇದ್ದಲ್ಲೇ ನಿಂತುಬಿಟ್ಟೆ. ನಾಲ್ಕು ವರ್ಷಗಳ ಹಿಂದಿನ ಮಳೆಗಾಲವನ್ನು ಇದೇ ಊರಿನ ಒಂದು ಆಸ್ಪತ್ರೆಯ ವರಾಂಡದಲ್ಲಿ, ಇದೇ ವಾಸನೆಯಲ್ಲಿ ಕಳೆದಿದ್ದೆ. ಅದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ನನ್ನ ತಂಗಿ ಗಿರಿಜಾಗೆ ಹದಿನಾಲ್ಕನೆಯ ವಯಸ್ಸಿನಿಂದ ಮೂರ್ಛೆರೋಗ. ಧಾರವಾಡದಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತವಳು ಸಾಲಿನಲ್ಲೇ ಬಿದ್ದು ಕೈಕಾಲು ಸೆಳೆಯತೊಡಗಿದ್ದಳು. ಅವಳಿಗಿಂತ ಎರಡು ವರ್ಷ ದೊಡ್ಡವಳಾದ ನಾನು ಹಿಂದಿನ ಸಾಲಿನಿಂದ ಓಡಿದ್ದೆ. ಆವತ್ತಿನಿಂದ ಓಡುವ ಕೆಲಸ ನನ್ನದಾಯಿತು. ಅಪ್ಪ ಮೊದಲೇ ಇರಲಿಲ್ಲ. ಅವ್ವ ಐವತ್ತೆರಡಕ್ಕೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ನಾನು ಬ್ಯಾಂಕು ಸೇರಿದೆ, ಮದುವೆಯಾಗಲಿಲ್ಲ. ತಂಗಿಗಾಗಿ ಹಾಗೇ ಉಳಿದಳು ಎಂದು ನೆಂಟರು ಹೇಳುತ್ತಿದ್ದರು. ಅದು ಅರ್ಧ ನಿಜ. ಕೊಚ್ಚಿಗೆ ವರ್ಗವಾದಾಗ ಇಬ್ಬರೂ ತ್ರಿಪ್ಪುಣಿತ್ತುರದಲ್ಲಿ ಒಂದು ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದೆವು.

ಗಿರಿಜಾ ಬಚ್ಚಲ ಬಾಗಿಲ ಚಿಲಕ ಹಾಕುವಂತಿರಲಿಲ್ಲ. ನಾನು ಇಲ್ಲದಾಗ ಒಲೆ ಹಚ್ಚುವಂತಿರಲಿಲ್ಲ. ಒಬ್ಬಳೇ ಬಸ್ಸು, ಮೆಟ್ರೋ ಹತ್ತುವಂತಿರಲಿಲ್ಲ. ಬಿರುಸಾಗಿ ನಡೆದರೂ ನಾನು ಹಿಂದಿನಿಂದ ಕೂಗುತ್ತಿದ್ದೆ. ಇವುಗಳಲ್ಲಿ ಕೆಲವು ವೈದ್ಯರು ಹೇಳಿದವು, ಕೆಲವು ನಾನೇ ಸೇರಿಸಿದವು. ಯಾವುದು ಯಾವುದೆಂದು ಕೊನೆಕೊನೆಗೆ ನನಗೂ ಗೊತ್ತಿರಲಿಲ್ಲ. ಇನ್ನೊಂದು ನಿಯಮವಿತ್ತು: ಕಾಯಿಲೆಯ ಸುದ್ದಿ ಯಾರಿಗೂ ಹೇಳಬಾರದು. ಅವಳು ಅಕ್ಕಪಕ್ಕದ ಮಕ್ಕಳಿಗೆ ಮನೆಯಲ್ಲೇ ಹಿಂದಿ ಹೇಳಿಕೊಡುತ್ತಿದ್ದಳು. ಮಕ್ಕಳು ಕೇಳುವುದೆಲ್ಲ ಮಲಯಾಳದಲ್ಲಿ, ಹಾಗಾಗಿ ಎರಡು ವರ್ಷದಲ್ಲಿ ಅವಳ ಮಲಯಾಳ ನನ್ನದಕ್ಕಿಂತ ಎಷ್ಟೋ ಮುಂದೆ ಹೋಗಿತ್ತು.

ಮಾತ್ರೆಗಳಿಂದ ಮೂರ್ಛೆ ಬಹಳ ಮಟ್ಟಿಗೆ ಹತೋಟಿಗೆ ಬಂದಿತ್ತು. ಕೆಲವು ತಿಂಗಳಿಗೊಮ್ಮೆ ತಿರುವನಂತಪುರದ ಆಸ್ಪತ್ರೆಗೆ ತೋರಿಸಲು ಹೋಗುತ್ತಿದ್ದೆವು. ಆ ವರ್ಷ ಮಳೆ ಶುರುವಾಗುವ ಮುಂಚೆ ಹೋದಾಗ ಗಿರಿಜಾ, ನನ್ನನ್ನು ಕೇಳದೆ, ಡಾಕ್ಟರಿಗೆ ಒಂದು ಮಾತು ಹೇಳಿದಳು. ರೈಲು ನಿಲ್ದಾಣದ ಮೇಲ್ಸೇತುವೆ ಹತ್ತಿದರೆ ಏದುಸಿರು ಬರುತ್ತದೆ, ಅರ್ಧದಲ್ಲಿ ನಿಲ್ಲಬೇಕಾಗುತ್ತದೆ ಎಂದು. ಡಾಕ್ಟರ್ ರೇಖಾ ನಮಗಿಂತ ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡುವವರು. ಅವರು ಪೆನ್ನು ಕೆಳಗಿಟ್ಟು ಗಮನವಿಟ್ಟು ಕೇಳಿದರು. ಆಮೇಲೆ ತಾವು ಒಂದು ಅಧ್ಯಯನ ಮಾಡುತ್ತಿರುವುದಾಗಿ ಹೇಳಿದರು. ಬಹಳ ವರ್ಷ ಮೂರ್ಛೆರೋಗ ಇದ್ದವರ ಹೃದಯ ಹೇಗೆ ಕೆಲಸ ಮಾಡುತ್ತದೆ, ಅವರು ಎಷ್ಟು ಶ್ರಮ ತಾಳಬಲ್ಲರು ಎಂದು ನೋಡುವುದು. ಹೃದಯದ ಸ್ಕ್ಯಾನ್, ಆಮೇಲೆ ಓಡುವ ಪಟ್ಟಿಯ ಮೇಲೆ ನಡೆಸುವ ಟ್ರೆಡ್‌ಮಿಲ್ ಪರೀಕ್ಷೆ. ಗಿರಿಜಾಗೆ ಹೇಗೂ ಇವೆರಡೂ ಆಗಬೇಕು, ಇಷ್ಟವಿದ್ದರೆ ಅಧ್ಯಯನಕ್ಕೂ ಸೇರಬಹುದು ಎಂದರು.

ನಾನು ಬೇಡವೆಂದೆ. ಓಡುವ ಯಂತ್ರದ ಮೇಲೆ ಬಿದ್ದರೆ ಯಾರು ಹೊಣೆ ಎಂದು ಕೇಳಿದೆ. ಗಿರಿಜಾ ನನ್ನ ಕಡೆ ನೋಡದೆ ಡಾಕ್ಟರಿಗೆ ಮಲಯಾಳದಲ್ಲೇ, ನಾನು ಬರುತ್ತೇನೆ, ಎಂದಳು. ಆಗ ಡಾಕ್ಟರ್ ನನಗೆ ಹೇಳಿದರು: ಹೋಲಿಸಿ ನೋಡಲು ಹೆಚ್ಚುಕಡಿಮೆ ಅದೇ ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ ಹೆಂಗಸರು ಬೇಕು, ಅಕ್ಕತಂಗಿಯರಾದರೆ ಇನ್ನೂ ಒಳ್ಳೆಯದು. ನೀವೂ ಬರಬಹುದಲ್ಲ? ನಾನು ತಕ್ಷಣ ಒಪ್ಪಿದೆ. ಅಧ್ಯಯನದ ಮೇಲಿನ ಪ್ರೀತಿಯಿಂದಲ್ಲ. ಪರೀಕ್ಷೆಗೆ ಬಂದವಳಾದರೆ ಆ ಕೋಣೆಯೊಳಗೆ ನನ್ನನ್ನೂ ಬಿಡುತ್ತಾರೆ, ಅವಳು ಬಿದ್ದರೆ ಹಿಡಿಯಬಹುದು ಎಂದು.

ಜೂನ್ ತಿಂಗಳ ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ಹಿಂದಿನ ದಿನವೇ ತಿರುವನಂತಪುರಕ್ಕೆ ಬಂದು ಲಾಡ್ಜಿನಲ್ಲಿ ಉಳಿದಿದ್ದೆವು. ಬೆಳಿಗ್ಗೆ ಎಂಥ ಮಳೆಯೆಂದರೆ ಆಸ್ಪತ್ರೆಯ ಮುಂದೆ ಆಟೊದಿಂದ ಇಳಿದು ಒಳಗೆ ಹೋಗುವಷ್ಟರಲ್ಲಿ ಇಬ್ಬರ ಸೀರೆಯೂ ಮೊಣಕಾಲಿನವರೆಗೆ ತೊಯ್ದಿತ್ತು.

ಗಿರಿಜಾಳ ಎದೆಗೆ ವೈರುಗಳನ್ನು ಅಂಟಿಸಿ ಪಟ್ಟಿಯ ಮೇಲೆ ನಿಲ್ಲಿಸಿದರು. ಒಂದು ಕಡೆ ಡಾಕ್ಟರ್ ರೇಖಾ, ಇನ್ನೊಂದು ಕಡೆ ಯಂತ್ರ ನೋಡುವ ಹುಡುಗಿ. ಪಟ್ಟಿ ಚಲಿಸತೊಡಗಿತು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಮೂರ್ಛೆ ಬರುವ ಮುಂಚೆ ಅವಳ ಕೆಳತುಟಿ ಎಡಕ್ಕೆ ಎಳೆಯುತ್ತದೆ. ಮೂವತ್ತು ವರ್ಷದಿಂದ ನಾನು ಆ ತುಟಿ ನೋಡಿಕೊಂಡೇ ಬದುಕಿದ್ದೇನೆ. ವೇಗ ಹೆಚ್ಚಿತು, ಪಟ್ಟಿ ತುಸು ಏರಾಯಿತು. ಅವಳ ಜಡೆ ಬೆನ್ನಿಗೆ ಬಡಿಯತೊಡಗಿತು. ಒಂದು ಸಲ ಕಾಲು ತಡವರಿಸಿತು. ನಾನು ಎದ್ದು ನಿಂತೆ. ಡಾಕ್ಟರ್ ನನ್ನತ್ತ ತಿರುಗದೆಯೇ ಕೈ ಮಾಡಿ ಕೂರುವಂತೆ ಹೇಳಿದರು. ಗಿರಿಜಾಳ ಮುಖ ಕೆಂಪಾಯಿತು, ಬಾಯಿ ತೆರೆದು ಉಸಿರಾಡಿದಳು, ಕೊನೆಗೆ ಸಾಕು ಎಂದು ತಾನೇ ಹೇಳಿದಳು. ಪಟ್ಟಿ ನಿಂತಿತು. ತುಟಿ ನೆಟ್ಟಗೇ ಇತ್ತು. ಏನೂ ಆಗಿರಲಿಲ್ಲ.

ಡಾಕ್ಟರ್ ಅವಳಿಗೆ ವಿವರಿಸಿದರು. ಹೃದಯ ಕುಗ್ಗಿ ರಕ್ತ ನೂಕುವುದು ಚೆನ್ನಾಗಿದೆ. ಹಿಗ್ಗಿ ತುಂಬಿಕೊಳ್ಳುವಾಗ ಮಾತ್ರ ತುಸು ಬಿಗಿ. ಶ್ರಮಕ್ಕೆ ತಕ್ಕಷ್ಟು ಬಡಿತ ಏರಲಿಲ್ಲ, ಬೇಗ ದಣಿದಿರಿ. ಇದರಲ್ಲಿ ರೋಗದ್ದೆಷ್ಟು, ಇಷ್ಟು ವರ್ಷದ ಮಾತ್ರೆಗಳದ್ದೆಷ್ಟು, ಮೈ ಬಳಸದೆ ಇದ್ದದ್ದರಿಂದ ಎಷ್ಟು ಎಂದು ಈಗಲೇ ಹೇಳಲಾರೆ. ಆದರೆ ಮೈಯನ್ನು ಬಳಸುವುದು ನಿಮ್ಮ ಕೈಯಲ್ಲಿದೆ, ದಿನಾ ನಡೆಯಿರಿ, ಒಮ್ಮೆಗೇ ಅಲ್ಲ, ಮೆಲ್ಲಗೆ ಏರಿಸುತ್ತ. ಗಿರಿಜಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನನ್ನನ್ನು ನೋಡಿದಳು. ನಾನು ನನ್ನ ಸರದಿಗೆಂದು ಒಳಗೆ ಬಟ್ಟೆ ಬದಲಿಸಲು ಹೋದೆ.

ನನಗೆ ಈ ಪರೀಕ್ಷೆ ಲೆಕ್ಕಕ್ಕೇ ಇರಲಿಲ್ಲ. ಮನೆ, ಬ್ಯಾಂಕು ಎಂದು ದಿನವಿಡೀ ಓಡಾಡುವವಳು. ಕೆಲವೊಮ್ಮೆ ಅವಸರದಲ್ಲಿ ನಡೆದರೆ ದವಡೆ ಬಿಗಿದಂತಾಗುತ್ತಿತ್ತು, ಎದೆಯಲ್ಲಿ ಉರಿ. ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿಯುತ್ತಿದ್ದೆ. ಪಟ್ಟಿಯ ಮೇಲೆ ಚೆನ್ನಾಗಿಯೇ ನಡೆಯುತ್ತಿದ್ದೆ. ವೇಗ ಹೆಚ್ಚಿಸಿದರು, ನಡೆದೆ. ಅಷ್ಟರಲ್ಲಿ ಯಂತ್ರ ನೋಡುವ ಹುಡುಗಿ ಡಾಕ್ಟರಿಗೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಡಾಕ್ಟರ್ ಬಗ್ಗಿ ನೋಡಿದರು. ನಾನಿನ್ನೂ ದಣಿದೇ ಇರಲಿಲ್ಲ, ಪಟ್ಟಿ ನಿಂತುಬಿಟ್ಟಿತು.

ಯಾಕೆ ನಿಲ್ಲಿಸಿದಿರಿ ಎಂದೆ. ಮಲಗಿ, ಎಂದರು. ಅವರ ದನಿ ಮೊದಲಿನಷ್ಟೇ ನಿಧಾನವಾಗಿತ್ತು. ಆದರೆ ಹುಡುಗಿ ಆಗಲೇ ಬಾಗಿಲು ತೆಗೆದು ಯಾರನ್ನೋ ಕರೆಯಲು ಓಡಿದ್ದಳು. ಹೃದಯದ ಡಾಕ್ಟರ್ ಬಂದರು. ನಾಲಿಗೆಯ ಅಡಿಗೆ ಒಂದು ಮಾತ್ರೆ ಇಟ್ಟರು. ದವಡೆ ನೋಯುತ್ತದೆಯೇ ಎಂದು ಕೇಳಿದರು. ಆಗ ನನಗೆ ಗೊತ್ತಾಯಿತು, ನೋಯುತ್ತಿತ್ತು. ಅವ್ವ ಎಷ್ಟನೇ ವಯಸ್ಸಿಗೆ ಹೋದರು ಎಂದು ಕೇಳಿದಾಗ ಉತ್ತರಿಸಿದ್ದು ಗಿರಿಜಾ. ಅವಳು ಗೋಡೆಗೆ ಒರಗಿ ನಿಂತಿದ್ದಳು, ಒದ್ದೆ ಟವೆಲು ಇನ್ನೂ ಕೊರಳಲ್ಲಿತ್ತು.

ಆ ಮಧ್ಯಾಹ್ನವೇ ಕೈಯ ರಕ್ತನಾಳದಿಂದ ಕೊಳವೆ ತೂರಿಸಿ ಆಂಜಿಯೋಗ್ರಾಂ ಮಾಡಿದರು. ಹೃದಯಕ್ಕೆ ರಕ್ತ ಒಯ್ಯುವ ಎಡಗಡೆಯ ಮುಖ್ಯ ನಾಳ ಬುಡದಲ್ಲೇ ಕಟ್ಟಿಕೊಂಡಿತ್ತು, ಜೊತೆಗೆ ಇನ್ನೆರಡು ಕಡೆ. ಎದೆ ತೆರೆದು ಬೈಪಾಸ್ ಮಾಡಬೇಕು, ಮಂಗಳವಾರವೇ ಮಾಡುತ್ತೇವೆ, ಅಲ್ಲಿಯವರೆಗೆ ಹಾಸಿಗೆ ಬಿಟ್ಟು ಹೆಚ್ಚು ಓಡಾಡಬೇಡಿ ಎಂದರು.

ಆಗ ನನಗೆ ಮೊದಲು ಬಂದ ಯೋಚನೆ ಸಾವಿನದಲ್ಲ, ಕೀಲಿಯದು. ನಮ್ಮ ಶಾಖೆಯ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳ ಹತ್ತಿರ ಒಂದೊಂದು. ನನ್ನದು ತ್ರಿಪ್ಪುಣಿತ್ತುರದ ಮನೆಯ ಬೀರುವಿನಲ್ಲಿ. ಸೋಮವಾರ ಬೆಳಿಗ್ಗೆ ಅದಿಲ್ಲದೆ ಶಾಖೆಯಲ್ಲಿ ಹಣ ಹೊರಗೆ ಬರುವುದಿಲ್ಲ. ಎರಡನೆಯ ಯೋಚನೆ ಗಿರಿಜಾಳದು. ಈ ಊರಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಬ್ಬರು ಇರಲೇಬೇಕು. ಅವರಿಗೆ ಬೈಸ್ಟ್ಯಾಂಡರ್ ಎನ್ನುತ್ತಾರೆ. ಔಷಧಿ ತರುವುದು, ರಕ್ತದ ವ್ಯವಸ್ಥೆ, ರಾತ್ರಿ ಕರೆದರೆ ಎದ್ದು ಓಡುವುದು ಎಲ್ಲ ಅವರದೇ. ಗಿರಿಜಾಗೆ ನಿದ್ದೆ ಕೆಟ್ಟರೆ ಮೂರ್ಛೆ ಬರುತ್ತದೆ. ಧಾರವಾಡದ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆವು. ಹೊರಟು ಬರುತ್ತೇನೆ, ಸೋಮವಾರ ಸಂಜೆಯಾಗುತ್ತದೆ ಎಂದ.

ನಾನು ಹೃದಯದ ಡಾಕ್ಟರಿಗೆ ಹೇಳಿದೆ: ಒಂದು ವಾರ ಬಿಡಿ, ಮನೆಗೆ ಹೋಗಿ ತಂಗಿಗೆ ವ್ಯವಸ್ಥೆ ಮಾಡಿ ಬರುತ್ತೇನೆ. ಅವರು, ನಿಮ್ಮನ್ನು ಕಟ್ಟಿಹಾಕಲು ಆಗುವುದಿಲ್ಲ, ಆದರೆ ನೀವು ರೈಲಿನಲ್ಲಿ ಕೊಚ್ಚಿ ತಲುಪುತ್ತೀರೆಂದು ನಾನು ಹೇಳಲಾರೆ, ಎಂದು ಹೊರಟುಹೋದರು. ಆದರೂ ನಾನು ಚೀಲ ಎಳೆದುಕೊಂಡು ಸೀರೆ ಮಡಚತೊಡಗಿದೆ. ಮೂವತ್ತು ವರ್ಷದ ರೂಢಿ, ಕೈ ತಾನೇ ನಡೆಯುತ್ತಿತ್ತು.

ಗಿರಿಜಾ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಅಕ್ಕಾ, ನಾಳೆ ಮುಂಜಾನೆ ನಾ ಹೋಗ್ತೀನಿ. ಕೀಲಿ ಕೊಟ್ಟು, ನಿನ್ನ ಅರಿವಿ, ನನ್ನ ಗುಳಿಗಿ ತಗೊಂಡು ಸಂಜಿಗೆ ಬರ್ತೀನಿ."

"ಒಬ್ಬಾಕಿ? ದಾರಿಯೊಳಗ ಬಂದ್ರ?"

"ಬಂದ್ರ ಬೀಳ್ತೀನಿ. ಬಿದ್ದು ಏಳ್ತೀನಿ, ಇಷ್ಟು ವರ್ಷ ಎದ್ದೀನಲ್ಲ. ನಿನ್ನ ಎದಿ ನಿಂತ್ರ ನೀ ಏಳೂದಿಲ್ಲ."

ಅವಳು ನನ್ನ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು. ದನಿ ಏರಿಸಿರಲಿಲ್ಲ. ನಾನು ಹಾಸಿಗೆಯ ಮೇಲೆ ಕೂತೆ.

ಪಕ್ಕದ ಹಾಸಿಗೆಯಲ್ಲಿ ವಿಳಿಂಜಂನ ಒಬ್ಬ ಅಜ್ಜಿ. ಅವರ ಮಗಳು ಸ್ಟೆಲ್ಲಾ ಬೈಸ್ಟ್ಯಾಂಡರ್. ಬಂದರಿನಲ್ಲಿ ಮೀನು ಕೊಂಡು ಸಂತೆಯಲ್ಲಿ ಮಾರುವ ಗಟ್ಟಿ ಹೆಂಗಸು. ನಮ್ಮ ಮಾತು ತಿಳಿಯದಿದ್ದರೂ ವಿಷಯ ತಿಳಿದಿತ್ತು. ಗಿರಿಜಾ ಹೊರಗೆ ಹೋದಾಗ ನನ್ನ ಕಡೆ ಬಂದು, ಪೇಡಿಕ್ಕೇಂಡ ಚೇಚೀ, ಹೆದರಬೇಡಿ ಅಕ್ಕಾ, ನಾಳೆ ನಿಮ್ಮನ್ನೂ ನಾನೇ ನೋಡಿಕೊಳ್ಳುತ್ತೇನೆ, ಎಂದಳು.

ಭಾನುವಾರ ಗಿರಿಜಾ ಬೆಳಗಿನ ರೈಲಿಗೆ ಹೋದಳು. ಕೋಟ್ಟಯಂ ಮೇಲೆ ಹೋಗುವ ರೈಲು ತ್ರಿಪ್ಪುಣಿತ್ತುರದಲ್ಲೇ ನಿಲ್ಲುತ್ತದೆ, ನಾಲ್ಕು ಗಂಟೆಯ ದಾರಿ. ಕೊಲ್ಲಂ ಬಿಟ್ಟೆ ಎಂದು ಫೋನ್ ಮಾಡಿದಳು. ಮನೆ ಮುಟ್ಟಿದೆ, ಕಿಟಕಿ ತೆರೆದೇ ಇತ್ತು, ಹಾಸಿಗೆ ತೊಯ್ದಿದೆ ಎಂದಳು. ಕೀಲಿಗೆ ನಮ್ಮ ಮ್ಯಾನೇಜರ್ ತಾವೇ ಮನೆ ಬಾಗಿಲಿಗೆ ಬಂದಿದ್ದರು. ಮಧ್ಯಾಹ್ನದ ರೈಲು ಹತ್ತಿದೆ ಎಂದೂ ಹೇಳಿದಳು. ಅಲ್ಲಿಂದ ಮುಂದೆ ಫೋನ್ ಇಲ್ಲ.

ನಾನು ಮಾಡಿದೆ. ಸ್ವಿಚ್ ಆಫ್ ಎಂದು ಬಂತು. ಮತ್ತೆ ಮಾಡಿದೆ. ವಾರ್ಡಿನ ಟಿವಿಯಲ್ಲಿ ಕೋಟ್ಟಯಂ ಕಡೆ ಹಳಿಯ ಮೇಲೆ ಮರ ಬಿದ್ದಿದೆ, ರೈಲುಗಳು ನಿಂತಿವೆ ಎಂದು ತೋರಿಸುತ್ತಿದ್ದರು. ಹಳಿಯ ಪಕ್ಕದ ಗದ್ದೆಗಳಲ್ಲಿ ಕೆಂಪು ನೀರು. ಅವಳ ತುಟಿ ಎಡಕ್ಕೆ ಎಳೆಯುವುದು ನನಗೆ ಕಾಣುತ್ತಿತ್ತು. ತೆರೆದ ಬಾಗಿಲ ಹತ್ತಿರ ನಿಂತಿರುವುದು ಕಾಣುತ್ತಿತ್ತು. ಜನ ಸುತ್ತ ನಿಂತು ನೋಡುವುದು, ಸೀರೆ ಸರಿದಿರುವುದು, ಯಾರೋ ಕುಡಿದಿದ್ದಾಳೆ ಎನ್ನುವುದು. ದವಡೆ ಬಿಗಿಯಿತು. ಈ ಸಲ ಅದು ಗ್ಯಾಸ್ ಅಲ್ಲ ಎಂದು ಗೊತ್ತಿತ್ತು. ಆದರೂ ಎದ್ದು ಬಾಗಿಲ ಕಡೆ ಹೊರಟೆ.

ಸ್ಟೆಲ್ಲಾ ಎರಡೂ ತೋಳು ಹಿಡಿದು ನನ್ನನ್ನು ಮಲಗಿಸಿದಳು. ಸಿಸ್ಟರ್ ಓಡಿಬಂದು ನಾಲಿಗೆಯ ಅಡಿಗೆ ಮಾತ್ರೆ ಇಟ್ಟು, ಎದೆಗೆ ವೈರು ಅಂಟಿಸಿದರು. ನನ್ನ ಬಡಿತ ಪರದೆಯ ಮೇಲೆ ಓಡುತ್ತಿತ್ತು. ನಾನು ಅದನ್ನೇ ನೋಡುತ್ತ ಮಲಗಿದ್ದೆ. ಸ್ಟೆಲ್ಲಾ ನನ್ನ ಫೋನನ್ನು ತನ್ನ ಜಂಪರಿನೊಳಗೆ ಸಿಕ್ಕಿಸಿಕೊಂಡು, ಬಂದರೆ ನಾನು ಎತ್ತುತ್ತೇನೆ, ನೀವು ಕಣ್ಣು ಮುಚ್ಚಿ, ಎಂದಳು. ಕಣ್ಣು ಮುಚ್ಚಲಿಲ್ಲ. ಹೊರಗೆ ಬೆಳಕು ಇಳಿಯಿತು. ಊಟದ ಗಾಡಿ ಬಂತು, ಗಂಜಿ ಮತ್ತು ಹೆಸರುಕಾಳಿನ ಪಲ್ಯ, ಮುಟ್ಟದೆ ಬಿಟ್ಟೆ.

ಗಿರಿಜಾ ವಾರ್ಡಿನ ಬಾಗಿಲಲ್ಲಿ ಕಾಣಿಸಿದಾಗ ತಟ್ಟೆ ಇನ್ನೂ ಅಲ್ಲೇ ಇತ್ತು. ತಲೆಯಿಂದ ಪಾದದವರೆಗೆ ಒದ್ದೆ, ಹೆಗಲಲ್ಲಿ ಚೀಲ, ಎರಡು ಕೈಯಲ್ಲಿ ಎರಡು ಚೀಲ. ಬಂದವಳು ನನ್ನ ಮುಖ ನೋಡುವ ಮೊದಲು ಪರದೆ ನೋಡಿದಳು. ಆಮೇಲೆ ಚೀಲ ಇಳಿಸಿದಳು. ಚೆಂಗನ್ನೂರಿನಲ್ಲಿ ರೈಲು ನಿಂತೇ ಬಿಟ್ಟಿತು, ಅಲ್ಲಿಂದ ಬಸ್ಸಿಗೆ ಬಂದೆ, ಫೋನಿಗೆ ನೀರು ಹೋಗಿದೆ ಎಂದಳು.

"ಏನೂ ಆಗಲಿಲ್ಲೇನು?"

"ಇಲ್ಲ. ಹತ್ತಿದ ಕೂಡ್ಲೆ ಬಾಜೂಕ ಕುಂತಾಕಿಗೆ ಹೇಳಿಬಿಟ್ಟೆ. ನನಗ ಫಿಟ್ಸ್ ಬರತಾವ, ಬಂದ್ರ ಮಗ್ಗಲಾಗಿ ಮಲಗಸ್ರಿ, ನಿಂತ ಮ್ಯಾಲೆ ಎಬ್ಬಸ್ರಿ ಅಂತ. ಬಸ್ಸಿನ್ಯಾಗೂ ಹೇಳಿದೆ."

"ಹೇಳಿದ್ಯಾ? ಅವರು ಏನಂದ್ರು?"

"ಆತು ಅಂದ್ರು. ಒಬ್ಬಾಕಿ ತನ್ನ ಅಣ್ಣಗೂ ಐತಿ ಅಂದ್ಲು."

ನನಗೆ ಅಳು ಬಂತು. ಅಳಬೇಡಿ, ಬಡಿತ ಏರುತ್ತದೆ, ಎಂದು ಸಿಸ್ಟರ್ ದೂರದಿಂದಲೇ ಗದರಿದರು.

ಸೋಮವಾರ ಸಂಜೆ ಧಾರವಾಡದಿಂದ ಚಿಕ್ಕಪ್ಪನ ಮಗ ಪ್ರಕಾಶ ಬಂದ. ಹೆಂಗಸರ ವಾರ್ಡಿನಲ್ಲಿ ಅವನು ಉಳಿಯುವಂತಿರಲಿಲ್ಲ. ರಾತ್ರಿಗಳನ್ನು ಸ್ಟೆಲ್ಲಾ ತಾನೇ ವಹಿಸಿಕೊಂಡಳು, ಗಿರಿಜಾಳನ್ನು ಮಾತ್ರೆ ನುಂಗಿಸಿ ಕಡ್ಡಾಯವಾಗಿ ಮಲಗಿಸಿದಳು. ಮಂಗಳವಾರ ಬೆಳಿಗ್ಗೆ ನನ್ನನ್ನು ಒಯ್ಯುವಾಗ ಗಿರಿಜಾ ಗಾಡಿಯ ಜೊತೆ ಬಾಗಿಲವರೆಗೂ ನಡೆದುಬಂದಳು. ಎದುರಿಗೆ ಡಾಕ್ಟರ್ ರೇಖಾ ಸಿಕ್ಕರು. ನನ್ನ ಕೈ ಒತ್ತಿ, ಆವತ್ತು ನೀವು ಬೇಡವೆಂದಿದ್ದರೆ, ಎಂದು ಶುರು ಮಾಡಿದವರು ಮಾತು ಮುಗಿಸಲಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಗಿರಿಜಾ ಹೇಳಿದ್ದು. ಮಧ್ಯದಲ್ಲಿ ಒಮ್ಮೆ ಇನ್ನೂ ರಕ್ತ ಬೇಕೆಂದು ಹೊರಗೆ ಹೇಳಿಕಳುಹಿಸಿದರಂತೆ. ಪ್ರಕಾಶ ಊಟಕ್ಕೆ ಹೋಗಿದ್ದ. ರಕ್ತನಿಧಿ ಇನ್ನೊಂದು ಕಟ್ಟಡದಲ್ಲಿ, ಲಿಫ್ಟಿನ ಮುಂದೆ ಗುಂಪು. ಗಿರಿಜಾ ಮೆಟ್ಟಿಲಿಳಿದು ಹೋಗಿ, ಮೆಟ್ಟಿಲು ಹತ್ತಿ ತಂದುಕೊಟ್ಟಳು. ನಡುವೆ ಎರಡು ಸಲ ಉಸಿರಿಗೆ ನಿಂತೆ ಎಂದಳು. ಓಡಿದೆಯಾ ಎಂದು ಕೇಳಿದೆ. ಅವಳು ನನ್ನ ಹೊದಿಕೆ ಸರಿಮಾಡಿದಳು.

ಮನೆಗೆ ಬಂದದ್ದು ಜುಲೈ ತಿಂಗಳ ಎಡೆಬಿಡದ ಮಳೆಯಲ್ಲಿ. ಎದೆಗೂಡನ್ನು ತಂತಿ ಹಾಕಿ ಕೂಡಿಸಿದ್ದರು. ಮೂಳೆ ಕೂಡುವವರೆಗೆ ಮೂರು ತಿಂಗಳು ಭಾರ ಎತ್ತಬಾರದು, ಒಂದು ಬಿಂದಿಗೆ ನೀರು ಕೂಡ. ಆದರೆ ನಡೆಯಬೇಕು. ಇಬ್ಬರಿಗೂ ಆಸ್ಪತ್ರೆಯವರು ಹೇಳಿದ್ದು ಅದೊಂದನ್ನೇ. ಮೊದಲು ಮನೆಯೊಳಗೆ, ಆಮೇಲೆ ಗೇಟಿನವರೆಗೆ, ಮಳೆ ಬಿಟ್ಟ ಬೆಳಿಗ್ಗೆ ಓಣಿಯ ತುದಿಯವರೆಗೆ ನಡೆದೆವು. ಒಲೆಯ ಕೆಲಸ ಗಿರಿಜಾಳ ಪಾಲಿಗೆ ಬಂತು. ಅವಳು ಅಡುಗೆ ಮಾಡುವಾಗ ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಕೆಲವು ದಿನಗಳ ನಂತರ, ಅಕ್ಕಾ, ನೀ ಅಲ್ಲಿ ಕುಂತ್ರ ಉಪ್ಪು ಮರೀತೀನಿ, ಎಂದಳು. ಕುರ್ಚಿ ಒಳಗೆ ಹಾಕಿದೆ.

ಆ ವರ್ಷ ಮುಗಿಯುವ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿದಾಗ ಗಿರಿಜಾ ಮೊದಲಿಗಿಂತ ಹೆಚ್ಚು ಹೊತ್ತು ಪಟ್ಟಿಯ ಮೇಲೆ ನಡೆದಳು. ಹೃದಯದ ಬಿಗಿ ಹಾಗೇ ಇತ್ತು, ಉಸಿರು ಮಾತ್ರ ಹಿಗ್ಗಿತ್ತು. ಮೂರ್ಛೆ ನಿಂತಿರಲಿಲ್ಲ. ಅದು ನಡೆದರೆ ಹೋಗುವಂಥದೂ ಅಲ್ಲ, ನಡೆದದ್ದರಿಂದ ಹೆಚ್ಚಲೂ ಇಲ್ಲ. ನನ್ನ ಹೃದಯ ಅಧ್ಯಯನದ ಉಪಯೋಗಕ್ಕೆ ಬರಲಿಲ್ಲ. ಆರೋಗ್ಯವಂತರ ಪಟ್ಟಿಯಿಂದ ನಿಮ್ಮನ್ನು ತೆಗೆದುಹಾಕಿದ್ದೇವೆ ಎಂದು ಡಾಕ್ಟರ್ ರೇಖಾ ನಕ್ಕರು. ಈಗ ಗಿರಿಜಾ ಒಬ್ಬಳೇ ಮೆಟ್ರೋ ಹತ್ತಿ ಎರ್ನಾಕುಳಂನ ಒಂದು ಶಾಲೆಗೆ ಹಿಂದಿ ಪಾಠಕ್ಕೆ ಹೋಗುತ್ತಾಳೆ. ಅಲ್ಲಿ ಎಲ್ಲರಿಗೂ ಅವಳ ಕಾಯಿಲೆ ಗೊತ್ತು.

ಆದರೆ ಆ ಮಳೆಗಾಲವೆಂದರೆ ನನಗೆ ನೆನಪಾಗುವುದು ಅದೇ ವರ್ಷ ಓಣಂ ಕಳೆದ ಮೇಲಿನ ಒಂದು ಬೆಳಿಗ್ಗೆ. ಓಣಿ ದಾಟಿ ದೇವಸ್ಥಾನದ ಗೋಡೆಯ ಪಕ್ಕದ ದಾರಿಯವರೆಗೆ ಹೋಗಿದ್ದೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಗಿರಿಜಾ ನನಗಿಂತ ತುಸು ಮುಂದೆ ನಡೆಯುತ್ತಿದ್ದಳು, ಏನೋ ಹೇಳಲು ತಿರುಗಿದಳು, ತುಟಿ ಎಡಕ್ಕೆ ಎಳೆಯಿತು. ಹಿಡಿಯಲು ಎರಡೂ ಕೈ ಮುಂದೆ ಚಾಚಿದವಳು ಅಲ್ಲೇ ತಡೆದುಕೊಂಡೆ. ಅವಳ ಭಾರ ನನ್ನ ಮೇಲೆ ಬಿದ್ದರೆ ಇನ್ನೂ ಪೂರ್ತಿ ಕೂಡದ ಎದೆಯ ಮೂಳೆ ಬಿಚ್ಚುತ್ತದೆ. ಅವಳು ಹುಲ್ಲಿನ ಮೇಲೆ ಬಿದ್ದಳು. ಜೀವನದಲ್ಲಿ ಮೊದಲ ಸಲ ನಾನು ಅವಳನ್ನು ಬೀಳಲು ಬಿಟ್ಟೆ.

ಪಕ್ಕದಲ್ಲಿ ಕೂತು ನನ್ನ ಶಾಲನ್ನು ಮಡಚಿ ತಲೆಯಡಿಗೆ ತೂರಿಸಿದೆ. ಅಷ್ಟು ಮಾತ್ರ ನನ್ನಿಂದಾಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಆಟೊ ನಿಲ್ಲಿಸಿ ಡ್ರೈವರ್ ಓಡಿಬಂದ, ಕೈಯಲ್ಲಿ ಗಾಡಿಯ ಕೀ. ಅದನ್ನು ಅವಳ ಮುಷ್ಟಿಯೊಳಗೆ ತುರುಕಲು ಬಗ್ಗಿದವನನ್ನು ತಡೆದು, ನನ್ನ ಹರಕು ಮಲಯಾಳದಲ್ಲಿ, ಬೇಡ, ಇದು ಫಿಟ್ಸ್, ನನ್ನ ತಂಗಿ, ತಾನೇ ನಿಲ್ಲುತ್ತದೆ, ಎಂದೆ. ಅವನು ಒಪ್ಪಿದ. ಸೆಳೆತ ಇಳಿದ ಮೇಲೆ ನಾನು ಹೇಳಿದಂತೆ ಮೆಲ್ಲಗೆ ಅವಳನ್ನು ಮಗ್ಗುಲಿಗೆ ಹೊರಳಿಸಿದ. ಇಬ್ಬರೂ ಕಾದೆವು. ಅವಳ ಕೆನ್ನೆಯ ಮೇಲೆ ಒದ್ದೆ ಹುಲ್ಲು ಅಂಟಿತ್ತು.

ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು. ಮೊದಲು ಆಕಾಶ ನೋಡಿದಳು, ಆಮೇಲೆ ಆಟೊದವನನ್ನು, ಆಮೇಲೆ ನನ್ನನ್ನು. ಗುರುತು ಹತ್ತಲು ಇನ್ನಷ್ಟು ಹೊತ್ತು ಹಿಡಿಯಿತು. ನಾಲಿಗೆ ಇನ್ನೂ ತೊದಲುತ್ತಿತ್ತು.

"ಅಕ್ಕಾ... ನೀ ನನ್ನ ಎತ್ತಾಕ ಬಂದಿದ್ದೇನು?"

"ಇಲ್ಲ."

"ಖರೇ?"

"ಖರೇನ. ಬಾಜೂಕ ಕುಂತಿದ್ದೆ, ಅಷ್ಟ."

"ಛಲೋ ಆತು," ಎಂದು ಮತ್ತೆ ಕಣ್ಣು ಮುಚ್ಚಿದಳು. ಆಟೊದವನು ಗಾಡಿಯನ್ನು ಹತ್ತಿರ ತಂದು ನಿಲ್ಲಿಸಿದ. ಇನ್ನು ಸ್ವಲ್ಪ ಹೊತ್ತು, ಎಂದು ಅವನಿಗೆ ಕೈ ಮಾಡಿ, ನಾನು ಅವಳ ಪಕ್ಕದಲ್ಲಿ ಒದ್ದೆ ಹುಲ್ಲಿನ ಮೇಲೆ ಹಾಗೇ ಕೂತಿದ್ದೆ.